ಪಾಲಿಪ್‌ಗೆ ಬಯಾಲಜಿಕ್ ಇಂಜೆಕ್ಷನ್ ತಗೊಂಡ್ರೆ ಸೈನಸ್‌ನಲ್ಲಿರೋ ಬ್ಯಾಕ್ಟೀರಿಯಾ ಏನಾಗುತ್ತೆ?

ಎಲ್ಲರಿಗೂ ನಮಸ್ಕಾರ. ನಾನು ಕಿವಿ, ಮೂಗು, ಗಂಟಲಿನ ಡಾಕ್ಟರು. ಮಲೆನಾಡಿನ ಒಂದು ಊರಲ್ಲಿ ಇಪ್ಪತ್ತು ವರ್ಷದಿಂದ ಜನರ ಮೂಗಿನೊಳಗೆ ಇಣುಕಿ ನೋಡುವುದೇ ನನ್ನ ಕೆಲಸ. ಕಳೆದ ವಾರ ಈ ಗುಂಪಿನಲ್ಲಿ ಮೂಗಿನ ಪಾಲಿಪ್ ಬಗ್ಗೆ ಮಾತು ಬಂತು. ನಮ್ಮ ಕಡೆ ದುರ್ಮಾಂಸ ಅನ್ನುತ್ತೇವಲ್ಲ, ಅದೇ. ಅದಕ್ಕೆ ಈಗ ಬಯಾಲಜಿಕ್ ಅನ್ನುವ, ದೇಹದ ರಕ್ಷಣಾ ವ್ಯವಸ್ಥೆಯ ಒಂದೊಂದು ಸಂದೇಶವನ್ನೇ ಗುರಿಯಿಟ್ಟು ತಡೆಯುವ ಇಂಜೆಕ್ಷನ್‌ಗಳು ಬಂದಿವೆ ಅಂದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬ್ಯಾಕ್ಟೀರಿಯಾ ಸುತ್ತಲೇ ಇದ್ದವು. ಅದಕ್ಕೇ ಇವತ್ತು ಅದೊಂದೇ ವಿಷಯ. ರಿಪೋರ್ಟು ನೋಡದೆ ಯಾರಿಗೂ ಇಂಥದ್ದೇ ಔಷಧಿ ತಗೊಳ್ಳಿ ಅಂತ ಇಲ್ಲಿ ಹೇಳುವುದಿಲ್ಲ, ಬೇಜಾರಾಗಬೇಡಿ. ಕೇಳಿ.

ಪ್ರಶ್ನೆ (ಹೈಸ್ಕೂಲ್ ಮೇಷ್ಟ್ರು, ಚಿಕ್ಕಮಗಳೂರು ಕಡೆಯವರು): ಮೇಡಂ, ನನಗೆ ಎರಡೂ ಮೂಗಲ್ಲಿ ಪಾಲಿಪ್. ಎರಡು ಸಲ ಆಪರೇಷನ್ ಆಗಿದೆ, ಮತ್ತೆ ಬೆಳೆದಿದೆ. ಜೊತೆಗೆ ಅಸ್ತಮಾ. ಮೂರು ವರ್ಷದಿಂದ ವಾಸನೆ ಇಲ್ಲ. ಈಗ ಒಬ್ಬ ಡಾಕ್ಟರು ಡುಪಿಲುಮ್ಯಾಬ್ ಇಂಜೆಕ್ಷನ್ ಅಂದಿದ್ದಾರೆ. ಆದರೆ ಸ್ವಾಬ್ ರಿಪೋರ್ಟಲ್ಲಿ 'ಸ್ಟ್ಯಾಫಿಲೊಕಾಕಸ್ ಆರಿಯಸ್, ಹೆವಿ ಗ್ರೋತ್' ಅಂತ ಬಂದಿದೆ. ನಮ್ಮ ಭಾವ ಫಾರ್ಮಸಿ ಓದಿದವರು. ಮೊದಲು ಇನ್ಫೆಕ್ಷನ್ ಕ್ಲಿಯರ್ ಆಗ್ಲಿ, ಆಮೇಲೆ ಇಂಜೆಕ್ಷನ್ ಅಂತಾರೆ. ಈ ಇಂಜೆಕ್ಷನ್ ಬ್ಯಾಕ್ಟೀರಿಯಾನ ಕೊಲ್ಲುತ್ತಾ?

ಉತ್ತರ: ಇಲ್ಲ ಮೇಷ್ಟ್ರೇ. ಒಂದೇ ಒಂದು ಬ್ಯಾಕ್ಟೀರಿಯಾವನ್ನೂ ಕೊಲ್ಲುವುದಿಲ್ಲ. ಆದರೂ ಅದು ಕೆಲಸ ಮಾಡಿದ ಮೇಲೆ ಮೂಗಿನೊಳಗೆ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಅನ್ನುವ ಲೆಕ್ಕ ಬದಲಾಗಬಹುದು. ಎರಡೂ ಹೇಗೆ ನಿಜ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ನಿಮ್ಮ ರಿಪೋರ್ಟು. 'ಹೆವಿ ಗ್ರೋತ್' ಅನ್ನುವ ಎರಡು ಪದ ನೋಡಿ ಮನೆಯವರೆಲ್ಲ ಹೆದರಿದ್ದೀರಿ. ಊರಲ್ಲಿ ಆರೋಗ್ಯವಾಗಿರುವ 100 ಜನರನ್ನು ನಿಲ್ಲಿಸಿ ಮೂಗಿಗೆ ಹತ್ತಿಕಡ್ಡಿ ಹಾಕಿದರೂ 20ರಿಂದ 30 ಜನರಲ್ಲಿ ಇದೇ ಸ್ಟ್ಯಾಫ್ ಸಿಗುತ್ತದೆ. ಅವರಿಗೆ ಏನೂ ಆಗಿರುವುದಿಲ್ಲ. ಪಾಲಿಪ್ ಇರುವವರಲ್ಲಿ ಇದು ಜಾಸ್ತಿ. ಬೆಲ್ಜಿಯಂನ ಘೆಂಟ್ ಊರಿನ ತಂಡ 2004ರಲ್ಲಿ ಲೆಕ್ಕ ಹಾಕಿತ್ತು. ಪಾಲಿಪ್ ಇದ್ದವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಜನರಲ್ಲಿ ಸ್ಟ್ಯಾಫ್ ಇತ್ತು. ಪಾಲಿಪ್ ಇಲ್ಲದ ಸೈನಸ್ ಕಾಯಿಲೆಯವರಲ್ಲೂ, ಏನೂ ಕಾಯಿಲೆ ಇಲ್ಲದವರಲ್ಲೂ ಅದು 30ರ ಆಸುಪಾಸು. ಅಂದರೆ ನಿಮ್ಮ ಮೂಗಲ್ಲಿ ಅದು ಇದೆ ಅನ್ನುವುದು ಆಶ್ಚರ್ಯದ ಸುದ್ದಿಯಲ್ಲ. ಜ್ವರ, ಮುಖದಲ್ಲಿ ಜೋರು ನೋವು, ಕೀವು ಸುರಿಯುವುದು ಇದ್ದರೆ ಇನ್ಫೆಕ್ಷನ್ ಅನ್ನೋಣ. ಸುಮ್ನೆ ಕೂತಿದ್ದರೆ ಅದು ಬಿಡಾರ ಹೂಡಿದೆ, ಅಷ್ಟೇ.

ನಿಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ. ಹಂಚು ಸೋರುತ್ತದೆ, ಗೋಡೆ ತೇವ ಕುಡಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಬೂಷ್ಟು ಉಜ್ಜಿದರೆ ಎರಡು ವಾರ ಗೋಡೆ ಚೆನ್ನಾಗಿರುತ್ತದೆ. ಹಂಚು ಸರಿ ಮಾಡದಿದ್ದರೆ ಮೂರನೇ ವಾರ ಮತ್ತೆ ಅದೇ. ಪಾಲಿಪ್ ಇರುವವರು ವರ್ಷಕ್ಕೆ ನಾಲ್ಕು ಕೋರ್ಸ್ ಆ್ಯಂಟಿಬಯಾಟಿಕ್ ನುಂಗುವುದು ಈ ಉಜ್ಜುವ ಕೆಲಸ.

ಇಲ್ಲಿ ಸೋರುವ ಹಂಚು ಅಂದರೆ ನಾವು ಟೈಪ್ 2 ಉರಿಯೂತ ಅನ್ನುವುದು. ಇಂಟರ್‌ಲ್ಯೂಕಿನ್ 4, 5, 13 ಅನ್ನುವ ಸಂದೇಶ ಒಯ್ಯುವ ಪ್ರೋಟೀನುಗಳು ಮೂಗಿನ ಪೊರೆಯಲ್ಲಿ ಹದ್ದು ಮೀರಿ ಹೆಚ್ಚಾಗಿರುತ್ತವೆ. 5 ಬಂದು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ರಾಶಿ ರಾಶಿ ಕರೆಸುತ್ತದೆ. 4 ಮತ್ತು 13 ಬೇರೆಯದೇ ಕಿತಾಪತಿ ಮಾಡುತ್ತವೆ. ಪೊರೆಯ ಜೀವಕೋಶಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಸಿಂಬಳ ಗಟ್ಟಿಯಾಗಿ, ಜಾಸ್ತಿಯಾಗುತ್ತದೆ. ಅದನ್ನು ಹೊರಗೆ ತಳ್ಳುವ ಸಣ್ಣ ರೋಮಗಳು ಸೋಲುತ್ತವೆ. ಪೊರೆ ತನ್ನ ಕಾವಲಿಗೆ ತಾನೇ ತಯಾರಿಸುವ, ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳು ಕಡಿಮೆಯಾಗುತ್ತವೆ. ಸ್ಟ್ಯಾಫ್‌ಗೆ ಇದಕ್ಕಿಂತ ಒಳ್ಳೆ ಮನೆ ಎಲ್ಲಿ ಸಿಗಬೇಕು?

ಬೂಷ್ಟಿನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಯಾಕಂದರೆ ಸ್ಟ್ಯಾಫ್ ಬರೀ ಬಾಡಿಗೆಗೆ ಬಂದು ಕೂರುವ ಗಿರಾಕಿಯಲ್ಲ, ಹಂಚನ್ನೂ ಒಡೆಯುತ್ತದೆ. ಅದು ಬಿಡುವ ಕೆಲವು ವಿಷಗಳಿಗೆ ಸೂಪರ್‌ಆ್ಯಂಟಿಜನ್ ಅನ್ನುತ್ತಾರೆ. ಮಾಮೂಲಿ ಹೊರಗಿನ ವಸ್ತು ಒಳಗೆ ಬಂದರೆ ಟಿ ಜೀವಕೋಶ ಎಂಬ ಕಾವಲು ಕಣಗಳಲ್ಲಿ ಹತ್ತು ಸಾವಿರಕ್ಕೆ ಒಂದೋ ಎರಡೋ ಎದ್ದು ನಿಲ್ಲುತ್ತವೆ. ಸೂಪರ್‌ಆ್ಯಂಟಿಜನ್ ಬಂದರೆ ಐದರಲ್ಲಿ ಒಂದರ ತನಕ ಎದ್ದು ಬಿಡಬಹುದು. ಒಬ್ಬ ಕೋಳಿಕಳ್ಳ ಬಂದನೆಂದು ಇಡೀ ಊರು ದೊಣ್ಣೆ ಹಿಡಿದು ಬೀದಿಗಿಳಿದ ಹಾಗೆ. ಆ ಗಲಾಟೆಯಲ್ಲಿ ಇನ್ನಷ್ಟು 4, 5, 13. ಸ್ಟ್ಯಾಫ್‌ನ ವಿಷಕ್ಕೇ ಅಂಟುವ ಐಜಿಇ (ಅಲರ್ಜಿಯಲ್ಲಿ ಏಳುವ ಪ್ರತಿಕಾಯ) ಪಾಲಿಪ್ ಒಳಗೇ ತಯಾರಾಗುತ್ತದೆ. ಇದನ್ನೂ ತೋರಿಸಿದ್ದು ಘೆಂಟ್‌ನವರೇ, 2001ರಲ್ಲಿ. ಹಾಗಾಗಿ ಇದು ಚಕ್ರ. ಉರಿಯೂತ ಸ್ಟ್ಯಾಫ್‌ಗೆ ಜಾಗ ಕೊಡುತ್ತದೆ, ಸ್ಟ್ಯಾಫ್ ಉರಿಯೂತಕ್ಕೆ ಸೌದೆ ಒಟ್ಟುತ್ತದೆ.

ಡುಪಿಲುಮ್ಯಾಬ್ ಈ ಚಕ್ರದಲ್ಲಿ ಒಂದು ಕಡೆ ಕಡ್ಡಿ ಸಿಕ್ಕಿಸುತ್ತದೆ. 4 ಮತ್ತು 13 ಎರಡೂ ಬಂದು ಕೂರುವ ಒಂದೇ ಪೀಠವನ್ನು ಮುಚ್ಚಿಬಿಡುತ್ತದೆ. ಬೆಸುಗೆ ಮತ್ತೆ ಬಿಗಿಯಾಗಲು, ಸಿಂಬಳ ತೆಳುವಾಗಲು ದಾರಿ ಆಗುತ್ತದೆ. ಬ್ಯಾಕ್ಟೀರಿಯಾಗೆ ಮನೆ ಒಗ್ಗದಂತಾಗುತ್ತದೆ.

ನಿಮ್ಮ ಭಾವನವರಿಗೆ ಹೇಳಿ, ಅವರ ಎಚ್ಚರಿಕೆ ತಪ್ಪಲ್ಲ. ಕೀವಿನ ಇನ್ಫೆಕ್ಷನ್ ಇದ್ದರೆ ಮೊದಲು ಅದನ್ನು ನೋಡಿಕೊಳ್ಳಬೇಕು. ಆದರೆ ತೊಂದರೆ ಇಲ್ಲದ ಮೂಗಿನ ಸ್ವಾಬಲ್ಲಿ ಸ್ಟ್ಯಾಫ್ ಪೂರ್ತಿ ಹೋಗಲಿ ಅಂತ ಕಾಯುತ್ತಾ ಕೂತರೆ ಆ ದಿನ ಬರುವುದೇ ಇಲ್ಲ.

ಪ್ರಶ್ನೆ (ಕಲಬುರಗಿಯಿಂದ): ಮೇಡಂ, ನಮಗ ಒಂದು ಅಂಜಿಕಿ. 2021ರಾಗ ನಮ್ಮ ಸೋದರಮಾವಗ ಕೊರೋನಾ ಆಗಿ ಬ್ಲ್ಯಾಕ್ ಫಂಗಸ್ ಬಂದಿತ್ತು. ಇಮ್ಯುನಿಟಿ ಕಡಿಮಿ ಮಾಡೋ ಔಷಧದಿಂದ ಆತು ಅಂದ್ರು. ಈ ಇಂಜೆಕ್ಷನ್ನೂ ಇಮ್ಯುನಿಟಿ ಮ್ಯಾಲೇ ಅಲ್ಲೇನ್ರಿ? ಬ್ಯಾಕ್ಟೀರಿಯಾ, ಫಂಗಸ್ ಎರಡೂ ಹೆಚ್ಚಾಗಂಗಿಲ್ಲೇನು?

ಉತ್ತರ: ನಿಮ್ಮ ಮಾವನವರದ್ದು ಕೇಳಿ ಬೇಸರವಾಯಿತು. ಆ ವರ್ಷ ನಾವೂ ಕಣ್ಣಾರೆ ನೋಡಿದ್ದೇವೆ. ಅಂಜಿಕೆ ಸಹಜ.

ಅಲ್ಲಿ ಸೇರಿಕೊಂಡಿದ್ದು ಮುಖ್ಯವಾಗಿ ಮೂರು: ಕೊರೋನಾ, ಹತೋಟಿ ಇಲ್ಲದ ಸಕ್ಕರೆ ಕಾಯಿಲೆ, ದೊಡ್ಡ ಡೋಸಿನ ಸ್ಟೀರಾಯ್ಡ್. ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ, ಫಂಗಸ್ ಮತ್ತು ಬ್ಯಾಕ್ಟೀರಿಯಾ ನುಂಗುವ ನ್ಯೂಟ್ರೊಫಿಲ್ ಮುಂತಾದ ಕಣಗಳ ಕೈಯನ್ನೂ ಕಟ್ಟುತ್ತದೆ. ಇಡೀ ಮನೆಯ ಮೇನ್ ಸ್ವಿಚ್ ಆರಿಸಿದ ಹಾಗೆ. ಡುಪಿಲುಮ್ಯಾಬ್ ಒಂದು ಕೋಣೆಯ ಫ್ಯೂಸ್ ಮಾತ್ರ ತೆಗೆಯುತ್ತದೆ. 4 ಮತ್ತು 13ರ ದಾರಿ ಹೆಚ್ಚಾಗಿ ಹುಳುಗಳ ವಿರುದ್ಧ ಮತ್ತು ಅಲರ್ಜಿಯಲ್ಲಿ ಕೆಲಸ ಮಾಡುವಂಥದ್ದು. ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ನ್ಯೂಟ್ರೊಫಿಲ್‌ಗಳ ತಂಟೆಗೆ ಅದು ಹೋಗುವುದಿಲ್ಲ. ಕೀಲುವಾತಕ್ಕೆ ಕೊಡುವ, ಉರಿಯೂತದ ಇನ್ನೊಂದು ಸಂದೇಶ ಪ್ರೋಟೀನಾದ ಟಿಎನ್‌ಎಫ್ ತಡೆಯುವ ಬಯಾಲಜಿಕ್‌ಗಳು ಬೇರೆ ಜಾತಿ. ಅವನ್ನು ಶುರು ಮಾಡುವ ಮೊದಲು ಟಿಬಿ ಇದೆಯಾ ಅಂತ ನೋಡಲೇಬೇಕು. 'ಬಯಾಲಜಿಕ್' ಅನ್ನುವ ಒಂದೇ ಹೆಸರಿನಡಿ ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟಬೇಡಿ.

ಬ್ಯಾಕ್ಟೀರಿಯಾ ಹೆಚ್ಚಾಗುತ್ತಾ ಅನ್ನುವುದಕ್ಕೆ ಚರ್ಮದಿಂದ ಒಳ್ಳೆ ಸಾಕ್ಷಿ ಇದೆ. ಅಟೋಪಿಕ್ ಡರ್ಮಟೈಟಿಸ್ ಎಂಬ ತುರಿಕೆಯ ಚರ್ಮರೋಗದಲ್ಲೂ ಇದೇ ಟೈಪ್ 2, ಇದೇ ಸ್ಟ್ಯಾಫ್. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 54 ರೋಗಿಗಳಲ್ಲಿ ಕೆಲವರಿಗೆ ಡುಪಿಲುಮ್ಯಾಬ್, ಕೆಲವರಿಗೆ ಔಷಧಿ ಇಲ್ಲದ ನಕಲಿ ಇಂಜೆಕ್ಷನ್ ಕೊಟ್ಟು ನೋಡಿದರು. ನಿಜವಾದ ಔಷಧಿ ತಗೊಂಡವರ ಚರ್ಮದಲ್ಲಿ ಸ್ಟ್ಯಾಫ್ ಇಳಿಯಿತು, ಬೇರೆ ಬೇರೆ ಬ್ಯಾಕ್ಟೀರಿಯಾಗಳು ವಾಪಸ್ ಬಂದವು. ಈ ಔಷಧಿ ಆ್ಯಂಟಿಬಯಾಟಿಕ್ ಅಲ್ಲದಿದ್ದರೂ!

ಸೈನಸ್‌ನಲ್ಲೂ ಅದೇ ದಿಕ್ಕು ಅಂತ ನನ್ನ ಅಭಿಪ್ರಾಯ. ಆದರೆ ಮೂಗಿನ ಅಧ್ಯಯನಗಳು ಸಣ್ಣವು, ಚರ್ಮದಷ್ಟು ಗಟ್ಟಿಯಿಲ್ಲ. ಅದಕ್ಕೇ 'ಇಂಜೆಕ್ಷನ್ ತಗೊಳ್ಳಿ, ಬ್ಯಾಕ್ಟೀರಿಯಾ ಹೋಗುತ್ತೆ' ಅಂತ ನಾನು ಯಾವ ಪೇಷಂಟಿಗೂ ಮಾತು ಕೊಡುವುದಿಲ್ಲ. ಮೂಗು ಬಿಡುತ್ತೆ, ವಾಸನೆ ಬರಬಹುದು ಅಂತ ಮಾತ್ರ ಹೇಳುತ್ತೇನೆ. ಅದಕ್ಕೆ ದೊಡ್ಡ ಲೆಕ್ಕವೇ ಇದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಎರಡು ಪ್ರಯೋಗಗಳಲ್ಲಿ ಒಟ್ಟು 724 ಜನ ಇದ್ದರು. ಶುರುವಿನಲ್ಲಿ ಮುಕ್ಕಾಲು ಪಾಲು ಜನರಿಗೆ ವಾಸನೆಯೇ ಗೊತ್ತಾಗುತ್ತಿರಲಿಲ್ಲ. 24 ವಾರದ ಹೊತ್ತಿಗೆ ಡುಪಿಲುಮ್ಯಾಬ್ ತಗೊಂಡವರಲ್ಲಿ ಅದು ಕಾಲು ಪಾಲಿನ ಹತ್ತಿರಕ್ಕೆ ಇಳಿಯಿತು. ನೆಗಡಿ, ತಲೆನೋವು, ಮೂಗಿನಲ್ಲಿ ರಕ್ತ ಇಂಥ ತೊಂದರೆಗಳು ನಕಲಿ ಇಂಜೆಕ್ಷನ್ ತಗೊಂಡವರಲ್ಲೇ ಜಾಸ್ತಿ ಕಂಡವು. ಸ್ಟೀರಾಯ್ಡ್ ಮಾತ್ರೆ ಅಥವಾ ಆಪರೇಷನ್ ಬೇಕಾಗುವ ಸಂದರ್ಭ ಸುಮಾರು ಮುಕ್ಕಾಲು ಪಾಲು ಕಡಿಮೆಯಾಯಿತು. ನಿಮ್ಮ ಅಂಜಿಕೆಗೆ ಈ ಕೊನೆಯ ಮಾತೇ ಉತ್ತರ. ಬಯಾಲಜಿಕ್‌ನಿಂದ ಪದೇ ಪದೇ ಸ್ಟೀರಾಯ್ಡ್ ನುಂಗುವುದು ತಪ್ಪಿದರೆ ಫಂಗಸ್ ಭಯವೂ ಅಷ್ಟು ಕಡಿಮೆ.

ಒಬ್ಬ ಸದಸ್ಯರು (ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ): ಮೇಡಂ, ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಲ್ಯಾಬಿಗೆ ಬರೋ ಮೂಗಿನ ಸ್ವಾಬ್‌ಗಳಲ್ಲಿ ಬಹಳಷ್ಟು ಮೂಗಿನ ಬಾಗಿಲಲ್ಲೇ ಒರೆಸಿದ್ದು. ಕೂದಲು ಅಂಟಿಕೊಂಡೇ ಬಂದಿರುತ್ತೆ! ಬ್ಲಡ್ ಅಗರ್ ಪ್ಲೇಟ್ ಮೇಲೆ ಗೀಚಿ 37 ಡಿಗ್ರಿಯಲ್ಲಿ ಇಟ್ಟರೆ ಮರುದಿನ ಬೆಳಗ್ಗೆ ಹೊಂಬಣ್ಣದ ಗುಂಡು ಗುಂಡು ಚುಕ್ಕಿ, ಸುತ್ತ ರಕ್ತ ಕರಗಿ ತಿಳಿಯಾದ ಉಂಗುರ. ಪ್ಲಾಸ್ಮಾಗೆ ಹಾಕಿದರೆ ಮೊಸರಿನ ಹಾಗೆ ಹೆಪ್ಪುಗಟ್ಟುತ್ತೆ. ಸ್ಟ್ಯಾಫ್ ಆರಿಯಸ್ ಅಂತ ಬರೀತೀವಿ. ಆದರೆ ಅದು ಸೈನಸ್‌ದಾ, ಮೂಗಿನ ಬಾಗಿಲದ್ದಾ ಅಂತ ಪ್ಲೇಟ್ ಹೇಳಲ್ಲ.

ಉತ್ತರ: ಬಾಯಿ ಹಾಕಿದ್ದು ಒಳ್ಳೆಯದೇ ಆಯ್ತು. ಇದನ್ನು ಎಲ್ಲರೂ ಎರಡು ಸಲ ಓದಿ. ಸ್ಟ್ಯಾಫ್‌ಗೆ ಇಷ್ಟವಾದ ಜಾಗವೇ ಮೂಗಿನ ಬಾಗಿಲು. ಸೈನಸ್ ಬಗ್ಗೆ ತಿಳಿಯಬೇಕಾದರೆ ಎಂಡೋಸ್ಕೋಪ್‌ನಲ್ಲಿ ನೋಡುತ್ತಾ, ಬಾಗಿಲು ಮುಟ್ಟದೆ, ಸೈನಸ್‌ಗಳು ಬಂದು ತೆರೆಯುವ ಒಳಗಿನ ಸಂದಿಯಿಂದ ಸ್ವಾಬ್ ತೆಗೆಯಬೇಕು. ಹೊರ ಜಗುಲಿಯ ಧೂಳು ನೋಡಿ ಒಳಗಿನ ದೇವರ ಕೋಣೆ ಗಲೀಜು ಅನ್ನಬಾರದಲ್ವಾ?

ಇನ್ನೊಂದು ಪರೀಕ್ಷೆ ಇದೆ. ಸಂಶೋಧನೆಯಲ್ಲಿ 16ಎಸ್ ಅನ್ನುವ ಜೀನ್ ಓದಿ ಅಲ್ಲಿರುವ ಎಲ್ಲ ಬ್ಯಾಕ್ಟೀರಿಯಾದ ಜನಗಣತಿ ಮಾಡುತ್ತಾರೆ. ಪ್ಲೇಟಲ್ಲಿ ಬೆಳೆಯದವೂ ಸಿಗುತ್ತವೆ. ಕೊರಿನೆಬ್ಯಾಕ್ಟೀರಿಯಂ, ಕ್ಯೂಟಿಬ್ಯಾಕ್ಟೀರಿಯಂ, ಸ್ಟ್ಯಾಫ್‌ನ ಸಾಧು ತಮ್ಮ ಎಪಿಡರ್ಮಿಡಿಸ್, ಇವೆಲ್ಲ ಮೂಗಿನ ಮಾಮೂಲಿ ನೆಂಟರು. ಆದರೆ ಈ ಗಣತಿಯಲ್ಲಿ ಸತ್ತವರ ಹೆಸರೂ ಸೇರಿಕೊಳ್ಳುತ್ತದೆ. ಡಿಎನ್‌ಎ ಬದುಕಿದ್ದರದ್ದಾ ಸತ್ತಿದ್ದರದ್ದಾ ಅಂತ ಗೊತ್ತಾಗಲ್ಲ. ಅದೂ ಅಲ್ಲದೆ ಬಯಾಲಜಿಕ್ ತಗೊಳ್ಳುವವರು ಉಪ್ಪುನೀರಲ್ಲಿ ಮೂಗು ತೊಳೆಯುತ್ತಿರುತ್ತಾರೆ, ಸ್ಟೀರಾಯ್ಡ್ ಸ್ಪ್ರೇ ಹಾಕುತ್ತಿರುತ್ತಾರೆ, ನಡುವೆ ಯಾವಾಗಲೋ ಆ್ಯಂಟಿಬಯಾಟಿಕ್ ನುಂಗಿರುತ್ತಾರೆ. ಬದಲಾವಣೆ ಕಂಡರೆ ಯಾವುದರಿಂದ ಅಂತ ಬಿಡಿಸುವುದು ಕಷ್ಟ. ಮೂಗಿನ ಅಧ್ಯಯನಗಳನ್ನು ಹುಷಾರಾಗಿ ಓದಬೇಕು ಅಂದದ್ದು ಇದಕ್ಕೇ. ದಿನನಿತ್ಯದ ಚಿಕಿತ್ಸೆಗೆ ಈ ಪರೀಕ್ಷೆ ಬೇಕಿಲ್ಲ. ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ (ಡಲ್ಲಾಸ್‌ನಿಂದ, ಊರು ಹಾಸನ): ಡಾಕ್ಟರೇ, ಇಲ್ಲಿ ಎಂಟು ತಿಂಗಳಿಂದ ಡುಪಿಲುಮ್ಯಾಬ್ ಪೆನ್, ಎರಡು ವಾರಕ್ಕೊಂದು. ಮೂಗು ಬಿಟ್ಟಿದೆ, ವಾಸನೆ ಬಂದಿದೆ. ಮೊನ್ನೆ ಪಕ್ಕದ ಮನೇಲಿ ಯಾರೋ ಇಂಗಿನ ಒಗ್ಗರಣೆ ಹಾಕಿದ್ದು ನಮ್ಮ ಗ್ಯಾರೇಜಿಗೇ ಗೊತ್ತಾಯ್ತು. ಆದರೆ ಬೆಳಗ್ಗೆ ಮೂಗಲ್ಲಿ ಹಳದಿ ಹೊಪ್ಪಳೆ ಬರುತ್ತೆ. ಸ್ಟ್ಯಾಫ್ ಇನ್ನೂ ಇದೆಯಾ? ಇಷ್ಟು ದಿನ ತಗೊಂಡರೆ ಬ್ಯಾಕ್ಟೀರಿಯಾಗೆ ರೆಸಿಸ್ಟೆನ್ಸ್ ಬರಲ್ವಾ? ಈಗ ಚೆನ್ನಾಗಿದೆ ಅಂತ ನಿಲ್ಲಿಸಬಹುದಾ?

ಉತ್ತರ: ರೆಸಿಸ್ಟೆನ್ಸ್ ಬರುವುದು ಬ್ಯಾಕ್ಟೀರಿಯಾನ ಹೊಡೆಯುವ ಔಷಧಿಗೆ. ಇದು ಅದನ್ನು ಮುಟ್ಟುವುದೇ ಇಲ್ಲ. ಆ ಚಿಂತೆ ಬಿಡಿ.

ಸ್ಟ್ಯಾಫ್ ಇನ್ನೂ ಇರಬಹುದು. ಇದ್ದರೆ ಇರಲಿ. ಅದು ಸೈನಸ್ ಪೊರೆಯ ಮೇಲೆ ಬಯೋಫಿಲ್ಮ್ ಕಟ್ಟಿಕೊಂಡು ಕೂರಬಲ್ಲದು. ಮನೆಯ ಸಂಪು ತೊಳೆಯುವಾಗ ಗೋಡೆಗೆ ಅಂಟಿರುವ ಲೋಳೆ ಕೈಗೆ ಸಿಗುತ್ತಲ್ಲ, ಹಾಗೆ. ನೀರು ಖಾಲಿ ಮಾಡಿದರೂ ಅದು ಬಿಡುವುದಿಲ್ಲ. ಆ್ಯಂಟಿಬಯಾಟಿಕ್ ಆ ಲೋಳೆಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಆಪರೇಷನ್ ಆದ ಮೂಗಲ್ಲಿ ಗಾಳಿ ಜಾಸ್ತಿ ಓಡಾಡುತ್ತದೆ, ಹೀಟರ್ ಹಾಕಿದ ಮನೆಯಲ್ಲಿ ಒಳಗೆಲ್ಲ ಒಣಗುತ್ತದೆ, ಹೊಪ್ಪಳೆ ಕಟ್ಟುತ್ತದೆ. ಹೆಚ್ಚಿನ ಸಲ ಉಪ್ಪುನೀರು ಸಾಕು. ದುರ್ವಾಸನೆ, ನೋವು, ಒಂದೇ ಕಡೆ ಕೀವು ಇದ್ದರೆ ಅಲ್ಲಿನ ಡಾಕ್ಟರಿಗೆ ಎಂಡೋಸ್ಕೋಪ್ ಹಾಕಿ ನೋಡಲು ಹೇಳಿ.

ನಿಲ್ಲಿಸುವ ವಿಷಯ: ಆ 724 ಜನರ ಒಂದು ಪ್ರಯೋಗದಲ್ಲಿ 24 ವಾರಕ್ಕೆ ಇಂಜೆಕ್ಷನ್ ನಿಲ್ಲಿಸಿ ಮುಂದೆ ಏನಾಗುತ್ತೆ ನೋಡಿದ್ದರು. ಪಾಲಿಪ್, ಮೂಗು ಕಟ್ಟುವುದು ಮತ್ತೆ ಏರತೊಡಗಿತು. ಹಂಚಿನ ಮೇಲಿನ ಟಾರ್ಪಾಲು ತೆಗೆದರೆ ಮಳೆ ನೀರು ಮತ್ತೆ ಒಳಗೆ. ಕೆಲವು ಡಾಕ್ಟರುಗಳು ಚೆನ್ನಾಗಿರುವವರಿಗೆ ಎರಡು ವಾರದ ಬದಲು ನಾಲ್ಕು ವಾರಕ್ಕೊಮ್ಮೆ ಮಾಡಿ ನೋಡುತ್ತಾರೆ. ಅವರ ಜೊತೆ ಮಾತಾಡಿ, ಸ್ವಂತ ಬುದ್ಧಿ ಬೇಡ.

ಒಗ್ಗರಣೆ ವಿಷಯ ಖುಷಿ ಆಯ್ತು. ನನ್ನ ಹತ್ತಿರ ಬರುವವರಲ್ಲಿ ಹಾಲು ಉಕ್ಕಿ ಸೀದದ್ದೂ ಗ್ಯಾಸ್ ಸೋರಿದ್ದೂ ಗೊತ್ತಾಗದೆ ಒದ್ದಾಡಿದವರು ಎಷ್ಟೋ ಜನ.

ಪ್ರಶ್ನೆ (ಮಂಡ್ಯ): ಮೇಡಂ, ಪಾಲಿಪ್ ಆಪರೇಷನ್‌ನಲ್ಲಿ ನಮ್ಮಪ್ಪನ ಮೂಗಿಂದ ತೆಗೆದ ಸಿಂಬಳ ಅಂಟು ಅಂಟು, ಹಸಿರುಗಪ್ಪು ಅಂತ ಡಾಕ್ಟರು ತೋರಿಸಿದ್ರು. ಅದೆಲ್ಲ ಕೀವು ಅಲ್ವಾ? ಬ್ಯಾಕ್ಟೀರಿಯಾನೇ ತಾನೆ?

ಉತ್ತರ: ನೋಡಲು ಕೀವಿನ ಹಾಗೇ ಇರುತ್ತದೆ. ಆದರೆ ಅದು ಕೀವಲ್ಲ, ಹಲಸಿನ ಮೇಣದಂಥ ಅಂಟು ಸಿಂಬಳ. ನಿಜವಾಗಿ ಹೇಳುತ್ತಿದ್ದೇನೆ, ಸಕ್ಷನ್ ಪೈಪೇ ಕಟ್ಟಿಕೊಳ್ಳುತ್ತದೆ, ಇಕ್ಕಳದಲ್ಲಿ ಎಳೆದರೆ ನೂಲಿನ ಹಾಗೆ ಬರುತ್ತದೆ. ಎಣ್ಣೆ ಸವರಿಕೊಂಡು ಹಲಸಿನಕಾಯಿ ಹೆಚ್ಚಿದವರಿಗೆ ಅರ್ಥವಾಗುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಸತ್ತ ಇಯೊಸಿನೊಫಿಲ್‌ಗಳ ರಾಶಿ, ಅದರ ನಡುವೆ ಎರಡೂ ತುದಿ ಚೂಪಾದ ಸೂಜಿಯಂಥ ಹರಳುಗಳು. ಅವಕ್ಕೆ ಶಾರ್ಕೊ-ಲೈಡನ್ ಹರಳು ಅಂತ ಹೆಸರು. ಇಯೊಸಿನೊಫಿಲ್‌ನೊಳಗಿನ ಒಂದು ಪ್ರೋಟೀನು ಹರಳುಗಟ್ಟಿದ್ದು. ಅವು ಬರೀ ಕಸ ಅಂತ ನೂರಕ್ಕೂ ಹೆಚ್ಚು ವರ್ಷ ತಿಳಿದಿದ್ದರು. 2019ರಲ್ಲಿ ಮತ್ತೆ ಘೆಂಟ್‌ನವರೇ ಆ ಹರಳುಗಳೂ ಉರಿಯೂತ ಹೆಚ್ಚಿಸುತ್ತವೆ ಅಂತ ತೋರಿಸಿದರು.

ಬಣ್ಣ ನೋಡಿ ಆ್ಯಂಟಿಬಯಾಟಿಕ್ ಬರೆಯುವುದು ನಮ್ಮ ವೃತ್ತಿಯ ಹಳೆಯ ಕೆಟ್ಟ ಚಾಳಿ. ನಾನೂ ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ. ನಿಮ್ಮ ತಂದೆಯವರ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಥ ಸಿಂಬಳದಲ್ಲಿ ಫಂಗಸ್ ಎಳೆಗಳೂ ಇರಬಹುದು. ಅಲರ್ಜಿಕ್ ಫಂಗಲ್ ಸೈನಸೈಟಿಸ್ ನಮ್ಮ ದೇಶದಲ್ಲಿ ಅಪರೂಪವಲ್ಲ. ಬ್ಲ್ಯಾಕ್ ಫಂಗಸ್‌ನ ಹಾಗೆ ಮೂಳೆಗೆ ನುಗ್ಗುವಂಥದ್ದಲ್ಲ, ಹೆದರಬೇಡಿ. ಬಯಾಪ್ಸಿ ರಿಪೋರ್ಟಲ್ಲಿ ಏನು ಬರೆದಿದೆ ನೋಡಿ.

ಪ್ರಶ್ನೆ (ಬೆಂಗಳೂರು): ಡುಪಿಲುಮ್ಯಾಬ್ ಬಿಟ್ಟು ಬೇರೆ ಇಂಜೆಕ್ಷನ್‌ಗಳೂ ಇವೆಯಲ್ಲ? ಬ್ಯಾಕ್ಟೀರಿಯಾ ದೃಷ್ಟಿಯಿಂದ ಯಾವುದು ಬೆಸ್ಟ್?

ಉತ್ತರ: ಬ್ಯಾಕ್ಟೀರಿಯಾ ನೋಡಿ ಇಂಜೆಕ್ಷನ್ ಆರಿಸುವ ಕಾಲ ಇನ್ನೂ ಬಂದಿಲ್ಲ. ಒಮಾಲಿಜುಮ್ಯಾಬ್ ಐಜಿಇ ಹಿಡಿದು ಹಾಕುತ್ತದೆ. ಅಮೆರಿಕದಲ್ಲಿ ಪಾಲಿಪ್‌ಗೆ ಒಪ್ಪಿಗೆ ಸಿಕ್ಕಿದ್ದು 2020ರ ಕೊನೆಗೆ. ಮೆಪೊಲಿಜುಮ್ಯಾಬ್ ಇಂಟರ್‌ಲ್ಯೂಕಿನ್ 5ನ್ನು ತಡೆಯುತ್ತದೆ, 2021. ಡುಪಿಲುಮ್ಯಾಬ್ ಎಲ್ಲಕ್ಕಿಂತ ಮೊದಲು, 2019ರ ಜೂನ್. ಟೆಜೆಪೆಲುಮ್ಯಾಬ್ ಹೊಸದು, 4, 5, 13 ಹುಟ್ಟುವುದಕ್ಕೂ ಮೊದಲಿನ ಹಂತದಲ್ಲೇ ತಡೆಯುತ್ತದೆ.

ಒಮಾಲಿಜುಮ್ಯಾಬ್ ಕಥೆ ಮಾತ್ರ ನನಗೆ ಬಹಳ ಇಷ್ಟ. 2013ರಲ್ಲಿ ಪಾಲಿಪ್ ಮತ್ತು ಅಸ್ತಮಾ ಎರಡೂ ಇದ್ದ 24 ಜನರಲ್ಲಿ ಅದನ್ನು ನೋಡಿದರು. ಅಲರ್ಜಿ ಟೆಸ್ಟ್ ನೆಗೆಟಿವ್ ಇದ್ದವರಿಗೂ ಕೆಲಸ ಮಾಡಿತು! ಚರ್ಮದಲ್ಲಿ ಅಲರ್ಜಿ ಇಲ್ಲ, ಆದರೆ ಪಾಲಿಪ್ ಒಳಗೆ ಐಜಿಇ ತುಂಬಿದೆ. ಅದರಲ್ಲಿ ಸ್ಟ್ಯಾಫ್‌ನ ವಿಷದ ಮೇಲಿನ ಐಜಿಇಯೂ ಸೇರಿರುತ್ತದೆ ಅಂತ ಆಗಲೇ ಹೇಳಿದೆನಲ್ಲ. ಬ್ಯಾಕ್ಟೀರಿಯಾ ಹಾಗೇ ಇರುತ್ತದೆ, ಅದು ಒತ್ತುವ ಗಂಟೆಯ ತಂತಿ ಕತ್ತರಿಸಿದ ಹಾಗೆ.

ಪ್ರಶ್ನೆ (ಮೈಸೂರು, ಗೃಹಿಣಿ): ಅಕ್ಕಾ, ನಮ್ಮ ಯಜಮಾನ್ರಿಗೂ ಪಾಲಿಪ್. ಇಂಜೆಕ್ಷನ್ ನಮ್ಮ ಕೈಗೆ ಎಟುಕಲ್ಲ. ಮೆಡಿಕಲ್ ಶಾಪಿನವರು ಪ್ರತಿ ಸಲ ಐದು ದಿನದ ಆ್ಯಂಟಿಬಯಾಟಿಕ್ ಕೊಡ್ತಾರೆ. ಅದರ ಬದಲು ಡಾಕ್ಸಿಸೈಕ್ಲಿನ್ ಪಾಲಿಪ್‌ಗೆ ಒಳ್ಳೇದು ಅಂತ ಎಲ್ಲೋ ಓದಿದೆ. ಪ್ರೋಬಯಾಟಿಕ್ ಕುಡಿದ್ರೆ? ಮೊಸರು?

ಉತ್ತರ: ತಂಗಿ, ಮೊಸರು ಊಟಕ್ಕೆ ಚೆನ್ನಾಗಿರುತ್ತದೆ. ಮೂಗಿನ ಪಾಲಿಪ್‌ಗೆ ಅದರಿಂದ ಏನೂ ಆಗುವುದಿಲ್ಲ. ಮೂಗಿಗೆ ಬಿಡಬೇಡಿ, ಒಬ್ಬರು ಬಿಟ್ಟುಕೊಂಡು ಬಂದಿದ್ದರು!

ಡಾಕ್ಸಿಸೈಕ್ಲಿನ್ ಬಗ್ಗೆ ಓದಿದ್ದು ಸರಿಯೇ. 2010ರ ಒಂದು ಪ್ರಯೋಗದಲ್ಲಿ ಮೊದಲ ದಿನ 200 ಮಿಲಿಗ್ರಾಂ, ಆಮೇಲೆ ದಿನಕ್ಕೆ 100, ಒಟ್ಟು 20 ದಿನ ಕೊಟ್ಟರು. ಪಾಲಿಪ್ ಸ್ವಲ್ಪ ಕುಗ್ಗಿತು, 12 ವಾರದ ತನಕ ಹಾಗೇ ಇತ್ತು. ಸ್ಟೀರಾಯ್ಡ್ ಮಾತ್ರೆಯಲ್ಲಿ ಬೇಗ, ಜಾಸ್ತಿ ಕುಗ್ಗಿತು, ಆದರೆ ಬೇಗ ವಾಪಸ್ ಬಂತು. ಡಾಕ್ಸಿಗೆ ಉರಿಯೂತ ತಗ್ಗಿಸುವ ಗುಣವೂ ಇದೆ, ಬರೀ ಸ್ಟ್ಯಾಫ್ ಸತ್ತಿದ್ದರಿಂದ ಹೀಗಾಯಿತು ಅನ್ನುವ ಹಾಗಿಲ್ಲ. ಲಾಭ ಸಣ್ಣದು. ಡಾಕ್ಟರು ನೋಡಿ ಕೊಟ್ಟರೆ ಸರಿ, ಅಂಗಡಿಯಲ್ಲಿ ಕೇಳಿ ತಗೊಳ್ಳುವುದು ಬೇಡ.

ಇಂಜೆಕ್ಷನ್ ದುಬಾರಿ, ನಿಜ. ನನ್ನ ಪೇಷಂಟುಗಳಲ್ಲೂ ಬಹಳ ಜನ ಬೆಲೆ ಕೇಳಿ ಎದ್ದು ಹೋಗುತ್ತಾರೆ. ಆದರೆ ಎಲ್ಲರಿಗೂ ಅದು ಬೇಕಾಗಿಯೂ ಇಲ್ಲ. ಚೆನ್ನಾಗಿ ಮಾಡಿದ ಆಪರೇಷನ್, ಆಮೇಲೆ ದಿನಾ ಉಪ್ಪುನೀರು, ಅದರಲ್ಲಿ ಡಾಕ್ಟರು ಹೇಳಿದ ಸ್ಟೀರಾಯ್ಡ್ ಬೆರೆಸಿ ತೊಳೆಯುವುದು, ಇಷ್ಟರಲ್ಲೇ ವರ್ಷಗಟ್ಟಲೆ ಆರಾಮಾಗಿರುವವರು ಜಾಸ್ತಿ. ಅದನ್ನು ನಿಯಮವಾಗಿ ಮಾಡುವವರು ಕಡಿಮೆ, ಅಷ್ಟೇ.

ಪ್ರಶ್ನೆ (ಮೇಷ್ಟ್ರು ಮತ್ತೆ): ಧನ್ಯವಾದ ಮೇಡಂ. ಭಾವನಿಗೆ ಓದಿಸಿದೆ, ಒಪ್ಪಿದರು ಅನ್ನಿ. ಶುರು ಮಾಡುವ ಮೊದಲು ಇನ್ನೇನು ನೋಡಿಕೊಳ್ಳಬೇಕು? ನನ್ನ ಎಇಸಿ 700 ಇದೆ.

ಉತ್ತರ: ಎಇಸಿ ಅಂದರೆ ರಕ್ತದ ಇಯೊಸಿನೊಫಿಲ್ ಎಣಿಕೆ, ಉಳಿದವರಿಗೆ ಗೊತ್ತಿರಲಿ. ಯುರೋಪಿನ 2020ರ ಮಾರ್ಗಸೂಚಿ 250 ಇದ್ದರೆ ಟೈಪ್ 2 ಅನ್ನಲು ಸಾಕು ಅಂದಿತ್ತು. ಆಮೇಲೆ 150ಕ್ಕೆ ಇಳಿಸಿದರು. ಎರಡು ಮೂಗಲ್ಲೂ ಪಾಲಿಪ್, ಆಪರೇಷನ್ ಆಗಿದೆ, ಅಸ್ತಮಾ, ವಾಸನೆ ಇಲ್ಲ. ಆ ಮಾರ್ಗಸೂಚಿಯಲ್ಲಿ ಬಯಾಲಜಿಕ್ ಕೊಡಬಹುದಾದವರ ಪಟ್ಟಿಯಲ್ಲಿ ನೀವು ಸುಲಭವಾಗಿ ಬರುತ್ತೀರಿ.

ಆದರೆ ನಮ್ಮ ಊರುಗಳಲ್ಲಿ 700ಕ್ಕೆ ಇನ್ನೊಂದು ಕಾರಣವೂ ಇರುತ್ತದೆ: ಹೊಟ್ಟೆ ಹುಳ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೇಳಬೇಕಾದ ಪ್ರಶ್ನೆ ಇದು. ಹುಳದ ವಿರುದ್ಧ ಹೋರಾಡುವ ದಾರಿಯನ್ನೇ ಈ ಇಂಜೆಕ್ಷನ್ ತಡೆಯುವುದರಿಂದ ಹುಳ ಇದ್ದರೆ ಮೊದಲು ಅದನ್ನು ಕಳೆಯಬೇಕು. ಮಲ ಪರೀಕ್ಷೆ, ಬೇಕಾದರೆ ಆಲ್ಬೆಂಡಜೋಲ್. ಲಕ್ಷದ ಇಂಜೆಕ್ಷನ್ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡಿ ಕೆಲವೇ ರೂಪಾಯಿಯ ಈ ಮಾತ್ರೆ ಮರೆಯುವುದನ್ನು ನೋಡಿದ್ದೇನೆ.

ಲೈವ್ ಲಸಿಕೆ (ದುರ್ಬಲಗೊಳಿಸಿದ ಜೀವಂತ ರೋಗಾಣು ಇರುವುದು) ಯಾವುದಾದರೂ ಬಾಕಿ ಇದ್ದರೆ ನಿಮ್ಮ ಡಾಕ್ಟರಿಗೆ ಹೇಳಿ. ಶುರು ಮಾಡಿದ ಮೇಲೆ ಎಇಸಿ ಇಳಿಯುವ ಬದಲು ಕೆಲವರಲ್ಲಿ ಕೆಲವು ವಾರ ಏರುತ್ತದೆ. ಗಾಬರಿ ಬೇಡ. ಅಂಗಾಂಶಕ್ಕೆ ಹೋಗಲಾಗದ ಕಣಗಳು ರಕ್ತದಲ್ಲೇ ಉಳಿದಿರುತ್ತವೆ. ಆದರೆ ಅದರ ಜೊತೆ ಕೈಕಾಲು ಜೋಮು, ಚರ್ಮದಲ್ಲಿ ಕೆಂಪು ಗುಳ್ಳೆ, ಉಸಿರಾಟ ಕೆಡುವುದು ಕಂಡರೆ ಅದೇ ದಿನ ತೋರಿಸಿ. ಕಣ್ಣು ಕೆಂಪಾಗಬಹುದು, ಇಂಜೆಕ್ಷನ್ ಜಾಗ ಊದಿಕೊಳ್ಳಬಹುದು. ಅಸ್ತಮಾ ಇನ್ಹೇಲರನ್ನು ನೀವಾಗಿ ನಿಲ್ಲಿಸಬೇಡಿ. ಮತ್ತೆ ಮತ್ತೆ ಸ್ವಾಬ್ ಮಾಡಿಸಬೇಡಿ, ಆರೋಗ್ಯವಾಗಿದ್ದಾಗಂತೂ ಬೇಡವೇ ಬೇಡ. ರಿಪೋರ್ಟಲ್ಲಿ ಮತ್ತೆ 'ಹೆವಿ ಗ್ರೋತ್' ಬಂದರೆ ಮತ್ತೆ ಭಾವ, ಮತ್ತೆ ನಾನು.

ಪ್ರಶ್ನೆ (ಉಡುಪಿ): ಮೇಡಂ, ಮೂಗು ತೊಳೆಯಿರಿ ಅಂದ್ರಲ್ಲ. ಬಾವಿ ನೀರಿಗೆ ಉಪ್ಪು ಹಾಕಿ ಜಲನೇತಿ ಮಾಡ್ತೇನೆ. ಕೇರಳದ ಅಮೀಬಾ ಸುದ್ದಿ ಓದಿ ಹೆದರಿಕೆ ಆಯ್ತು. ಬಾಟಲಿ ತಳದಲ್ಲಿ ಸ್ವಲ್ಪ ಹಸಿರು ಕಾಣ್ತದೆ, ಉಪ್ಪಿನ ಕಲೆಯಾ ಅಂತ.

ಉತ್ತರ: ಬಾವಿ ನೀರನ್ನು ಹಾಗೇ ಮೂಗಿಗೆ ಬಿಡಬೇಡಿ. ಕುಡಿಯಲು ಒಳ್ಳೆಯದಾದ ನೀರು ಮೂಗಿಗೆ ಒಳ್ಳೆಯದು ಅಂತಿಲ್ಲ. ಹೊಟ್ಟೆಯಲ್ಲಿ ಆ ಅಮೀಬಾ ಏನೂ ಮಾಡುವುದಿಲ್ಲ, ಮೂಗಿನ ಮೇಲ್ಭಾಗದ ವಾಸನೆ ನರದ ಮೂಲಕ ಮಿದುಳಿಗೆ ಹತ್ತುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರಲ್ಲಿ ನೇತಿ ಮಾಡಿಕೊಂಡ ಇಬ್ಬರು ತೀರಿಕೊಂಡಿದ್ದರು. ಅಪರೂಪ, ಆದರೆ ತಪ್ಪಿಸುವುದು ತುಂಬ ಸುಲಭ. ನೀರು ಕೊತಕೊತ ಕುದಿಯಲು ಶುರುವಾದ ಮೇಲೂ ಒಂದಿಷ್ಟು ನಿಮಿಷ ಕುದಿಸಿ, ಮುಚ್ಚಿಟ್ಟು, ಉಗುರುಬೆಚ್ಚಗೆ ಆದ ಮೇಲೆ ಉಪ್ಪು ಹಾಕಿ. ಅವತ್ತಿನದು ಅವತ್ತಿಗೆ.

ಬಾಟಲಿಯಲ್ಲೂ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಪ್ರತಿ ಸಲ ಸೋಪು, ಕುದಿಸಿ ಆರಿಸಿದ ನೀರಲ್ಲಿ ತೊಳೆದು ಬೋರಲು ಹಾಕಿ ಪೂರ್ತಿ ಒಣಗಿಸಿ. ಕೆಲವು ತಿಂಗಳಿಗೊಮ್ಮೆ ಹೊಸದು ತನ್ನಿ. ನಿಮ್ಮದನ್ನಂತೂ ಇವತ್ತೇ ಎಸೆಯಿರಿ. ಉಪ್ಪಿನ ಕಲೆ ಹಸಿರಾಗಿರುವುದಿಲ್ಲ, ಅದು ಪಾಚಿ.